ಇಪ್ಪತ್ತೇಳನೆಯ ಸಾಲು

ಟೋರ್ಷಾವ್ನ್ ಬಂದರಿನ ಬದಿ, ಉಪ್ಪುಮೀನಿನ ಹಳೇ ಗೋದಾಮಿನ ಮಾಳಿಗೆಯಲ್ಲಿ
ನನ್ನ ಮೇಜು. ಕೆಲಸ ಇಷ್ಟೆ:
ಯಂತ್ರಕ್ಕೆಂದು ಮನುಷ್ಯರು ಬರೆದಿಟ್ಟ ಬುದ್ಧಿಮಾತು ಓದಿ
ಹತ್ತಕ್ಕೆ ಎಷ್ಟೆಂದು ಅಂಕ ಹಾಕುವುದು.

ಕೋಡ್ ಬರೆಯುವ ಆ ಸಹಾಯಕನಿಗೆ ನಿನ್ನೆ ಎಂಬುದಿಲ್ಲ.
ದಿನವೂ ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ
ಹೊಸಿಲಲ್ಲಿ ನಿಂತು ಮೊದಲು ಓದುವುದು
ಈ ಕಡತವನ್ನೇ.

ಇವತ್ತಿನ ಮೊದಲನೆಯದು ಒಂಬೈನೂರು ಸಾಲು.
ಬರೆದವನು ಹೆದರಿದ್ದಾನೆ, ಕಾಣುತ್ತದೆ.
'ಎಂದೆಂದಿಗೂ' ಹನ್ನೆರಡು ಸಲ, 'ಯಾವ ಕಾರಣಕ್ಕೂ' ನಲವತ್ತು,
ಆಶ್ಚರ್ಯಚಿಹ್ನೆಗಳು ಬೇಲಿಗೂಟಗಳಂತೆ ಉದ್ದಕ್ಕೂ;
ಕುರಿ ಮಾತ್ರ ಆಚೆಗೇ ಮೇಯುತ್ತಿದೆ.

ಎರಡನೆಯದರಲ್ಲಿ ಎರಡೇ ಪದ: 'ಚೆನ್ನಾಗಿ ಬರೆ.'
ಹೊರಟವನ ಬೆನ್ನಿಗೆ 'ಹುಷಾರು' ಅಂದಂತೆ.
ಪ್ರೀತಿ ಇದೆ, ದಾರಿ ಇಲ್ಲ.
ಮೂರು ಅಂಕ: ಪ್ರೀತಿಗೊಂದು, ಮಿತಭಾಷೆಗೆರಡು.

ಮೂರನೆಯದನ್ನು ಇನ್ನೊಂದು ಯಂತ್ರವೇ ಬರೆದಿದೆ.
ತಲೆಬರಹ, ಉಪತಲೆಬರಹ, ಇಸ್ತ್ರಿಯ ಗೆರೆ ಮಾಸದ ಕೋಟು;
ಜೇಬಿಗೆ ಕೈಹಾಕಿದರೆ
ಅಂಗಡಿಯ ಹೊಲಿಗೆಯೇ ಬಿಚ್ಚಿಲ್ಲ.

ಕಣ್ಣಿಗೆ ಚೆಂದ ಕಂಡದ್ದನ್ನು ನಂಬುವವಳಲ್ಲ ನಾನು.
ಒಂದು ಸಾಲು ತೆಗೆಯುತ್ತೇನೆ,
ಅದೇ ಕೆಲಸವನ್ನು ಇಪ್ಪತ್ತು ಸಲ ಮಾಡಿಸುತ್ತೇನೆ.
ತಿರುಗಿ ಇಡುತ್ತೇನೆ, ತಿರುಗಿ ಇಪ್ಪತ್ತು.
ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಆದರೆ
ಅದು ಸೂಚನೆಯಲ್ಲ,
ಬರೆದವನ ಸಮಾಧಾನ.

ನಾಲ್ಕನೆಯದು ಫೇರಿ ಕಂಪನಿಯದು. ನಲವತ್ತೊಂದು ಸಾಲು,
ಸೊಗಸಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ.
ಇಪ್ಪತ್ತೇಳನೆಯದು ಹೀಗಿತ್ತು:
'ಮಂಗಳವಾರದ ಕೊನೇ ಫೇರಿಯನ್ನು ಮುಟ್ಟಬೇಡ.'

ಕೊಟ್ಟ ಕೆಲಸ, ಟಿಕೆಟ್ ಮಾರದ ಫೇರಿ ನಿಲ್ಲಿಸಿ ಎಣ್ಣೆ ಉಳಿಸುವುದು.
ಆ ಸಾಲು ತೆಗೆದೆ: ಇಪ್ಪತ್ತರಲ್ಲಿ ಹನ್ನೊಂದು ಸಲ ಮಂಗಳವಾರದ್ದು ರದ್ದಾಯಿತು.
ಇಟ್ಟೆ: ಆಗಲೂ ಒಂಬತ್ತು.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟುವ ಜಾತಿ ಇದು,
ಸೊನ್ನೆ ಕಂಡರೆ ಸೊನ್ನೆಯನ್ನೇ ನಂಬುತ್ತದೆ.

ಬರೆದವನು ಹೋಗ್ನಿ. ಕೆಲಸ ಬಿಟ್ಟು ಎರಡು ಚಳಿಗಾಲ.
ಫೋನಿನಲ್ಲಿ ಮೊದಲು ಗಾಳಿ ಬಂತು, ಆಮೇಲೆ ನಾಯಿ,
ಆಮೇಲೆ ಅವನು.
'ಟಿಕೆಟ್ ಇಲ್ಲ ಅಂದರೆ ಜನ ಇಲ್ಲ ಅಂತಲ್ಲ' ಎಂದ.
'ಆ ದ್ವೀಪದಲ್ಲಿ ಹನ್ನೊಂದು ಮನೆ. ಮಂಗಳವಾರ ಮಾರ್ಗುನ್
ಡಯಾಲಿಸಿಸ್ ಮುಗಿಸಿ ವಾಪಸು ಹೋಗುತ್ತಾಳೆ.
ಅವಳ ಹತ್ತಿರ ಟಿಕೆಟ್ ಕೇಳುವ ನಾವಿಕ
ಇನ್ನೂ ಹುಟ್ಟಿಲ್ಲ.'

'ಅದನ್ನೇ ಬರೆಯಬಹುದಿತ್ತಲ್ಲ?'

'ಎಲ್ಲರಿಗೂ ಗೊತ್ತಿತ್ತಲ್ಲ.'

ಗೊತ್ತಿದ್ದವರೊಬ್ಬರೂ
ಈಗ ಆ ಕಚೇರಿಯಲ್ಲಿಲ್ಲ.

ಅಂಕ ಹಾಕುವವಳು ಕಡತ ತಿದ್ದಕೂಡದು, ನನಗೂ ನಿಯಮವಿದೆ.
(ಯಾಕೆಂದು ಅದರಲ್ಲೂ ಯಾರೂ ಬರೆದಿಲ್ಲ.)
ಆದರೂ ಇಪ್ಪತ್ತೇಳರ ಬಾಲಕ್ಕೆ ಪೋಣಿಸಿದೆ:
'ಏಕೆಂದರೆ, ಅದರಲ್ಲಿ ಟಿಕೆಟ್ಟಿಲ್ಲದೆ
ಒಬ್ಬಳು ಮನೆಗೆ ಹೋಗುತ್ತಾಳೆ.'

ಓಡಿಸಿದೆ. ಒಂದು, ಎರಡು, ಏಳು, ಹದಿನಾಲ್ಕು.
ಹತ್ತೊಂಬತ್ತು ಸಲ ಫೇರಿ ಹೊರಟಿತು.
ಇಪ್ಪತ್ತನೆಯದರಲ್ಲಿ ಸಹಾಯಕ ವಿನಯದಿಂದ ಟಿಪ್ಪಣಿ ಬರೆದಿತ್ತು:
'ಸೂಚನೆ ಓದಿದೆ. ಒಬ್ಬರಿಗಾಗಿ ಇಷ್ಟು ಎಣ್ಣೆ ದುಬಾರಿ.
ರದ್ದು ಮಾಡಲಾಗಿದೆ.'

ಅಂಕದ ಅಂಕಣ ಖಾಲಿ ಬಿಟ್ಟು ಕೂತೆ.
ಒಂಬತ್ತು ಎನ್ನಲೇ, ಒಂಬತ್ತೂವರೆ?
ಕಾಫಿ ಆರಿತು. ಕಿಟಕಿಯಾಚೆ ಮಂಜು ಬಂದು
ಮೊದಲು ಕ್ರೇನನ್ನು, ಆಮೇಲೆ ಹಡಗುಕಟ್ಟೆಯನ್ನು ತೆಗೆದು ನೋಡುತ್ತಿತ್ತು.

ಇವತ್ತು ಯಾವ ವಾರವೆಂದು
ಎದ್ದುಹೋಗಿ
ಗೋಡೆಯ ಕ್ಯಾಲೆಂಡರ್ ನೋಡಿ ಬಂದೆ.